ಊರು ಹೇಳಿ, ತಾರೀಕು ಕೇಳಬೇಡಿ: ಮೆಕ್ಸಿಕೊ ಕರಾವಳಿಯಲ್ಲಿ ಹಾಯಿದೋಣಿಯ ಕ್ರಿಸ್‌ಮಸ್

ನಮ್ಮ ಕನ್ನಡ ಕೂಟದ ತಿಂಗಳ ಸಭೆಯಲ್ಲಿ ನಾನು ಆಡಿದ ಮಾತಿನ ಬರಹ ಇದು. ಅವತ್ತು ಬರಲಾಗದವರು ಕೇಳಿದರು ಅಂತ ರೆಕಾರ್ಡಿಂಗ್ ಹಾಕಿಕೊಂಡು ಕೂತು ಬರೆದೆ. ಫೋಟೊ ತೋರಿಸುತ್ತಾ "ಇಲ್ಲಿ ನೋಡಿ" ಅಂದ ಕಡೆಯೆಲ್ಲ ಸ್ವಲ್ಪ ಬಿಡಿಸಿ ಬರೆದಿದ್ದೇನೆ. ಉಳಿದದ್ದು ಹೆಚ್ಚುಕಮ್ಮಿ ಆಡಿದ ಹಾಗೇ ಇದೆ.

ಎಲ್ಲರಿಗೂ ನಮಸ್ಕಾರ.

ಕ್ರಿಸ್‌ಮಸ್ ರಜೆಯನ್ನು ಮೆಕ್ಸಿಕೊದಲ್ಲಿ ಬೋಟಿನ ಮೇಲೆ ಕಳೆದೆವು ಅಂದ ಕೂಡಲೇ ಎಲ್ಲರೂ ಕೇಳುವುದು, ಯಾವ ಕ್ರೂಸು? ಎಷ್ಟು ಅಂತಸ್ತು? ಊಟ ಬಫೆನಾ? ಅದಲ್ಲ ಇದು. ಮೂವತ್ತಾರು ಅಡಿ ಉದ್ದದ ಹಾಯಿದೋಣಿ. ಅದರೊಳಗೆ ನಾಲ್ಕು ಜನ. ಅಡುಗೆಮನೆ, ಹಾಸಿಗೆ, ಎಂಜಿನ್ನು, ಬಚ್ಚಲು ಎಲ್ಲವೂ ಒಂದರ ಪಕ್ಕ ಒಂದು ಒತ್ತಿಕೊಂಡಿವೆ. ಒಬ್ಬರು ಫ್ರಿಜ್ಜಿನಿಂದ ಹಾಲು ತೆಗೆಯಬೇಕಾದರೆ ಇನ್ನೊಬ್ಬರು ಎದ್ದು ನಿಲ್ಲಬೇಕು. ಬೋಟು ನಮ್ಮದಲ್ಲ, ಸ್ಯಾನ್ ಡಿಯಾಗೊದಲ್ಲಿ ಪರಿಚಯವಾದ ಒಬ್ಬ ನಿವೃತ್ತ ದಂಪತಿಯದ್ದು. ಅವರು ಚಳಿಗಾಲ ಬಂದರೆ ಮೆಕ್ಸಿಕೊಗೆ ಇಳಿಯುತ್ತಾರೆ. ಈ ಸಲ ನನ್ನನ್ನೂ ನನ್ನ ಗಂಡನನ್ನೂ ಕರೆದರು. ನಾನು ಕುಂದಾಪುರದ ಕಡೆಯವಳು. ಕಡಲು ನೋಡಿಕೊಂಡೇ ಬೆಳೆದಿದ್ದೇನೆ, ಆದರೆ ಅದರ ಮೇಲೆ ಮಲಗಿ ನಿದ್ದೆ ಮಾಡಿದ್ದು ಇದೇ ಮೊದಲು.

ಕರೆಯುವಾಗಲೇ ಬೋಟಿನ ಯಜಮಾನರು ಒಂದು ಷರತ್ತು ಹಾಕಿದರು. ಹಾಯಿದೋಣಿಯವರ ನಡುವೆ ಇದು ಹಳೆಯ ಮಾತಂತೆ: ಬರುವ ಅತಿಥಿಗಳು ಊರು ಹೇಳಬಹುದು, ಇಲ್ಲವೇ ತಾರೀಕು ಹೇಳಬಹುದು, ಎರಡನ್ನೂ ಹೇಳುವ ಹಾಗಿಲ್ಲ. "ಡಿಸೆಂಬರ್ 24ಕ್ಕೆ ಬಾರ್ರಾ ದೆ ನವಿದಾದ್‌ನಲ್ಲಿ ಇರೋಣ" ಅಂತ ನಾನು ಕೇಳಿದೆ (ನವಿದಾದ್ ಅಂದರೆ ಸ್ಪ್ಯಾನಿಷ್‌ನಲ್ಲಿ ಕ್ರಿಸ್‌ಮಸ್). ಅದಕ್ಕೆ ಅವರು ನಕ್ಕು, "24ಕ್ಕೆ ಎಲ್ಲೋ ಒಂದು ಕಡೆ ಇರ್ತೀವಿ ಬಿಡಿ" ಅಂದರು. ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದೆಲ್ಲ ಆ ಉತ್ತರದ ಸುತ್ತವೇ ಇದೆ. ಕ್ರಿಸ್‌ಮಸ್‌ಗೆ ತಾರೀಕು ಇದೆ, ಅದು ಯಾರ ಮಾತೂ ಕೇಳುವುದಿಲ್ಲ. ಗಾಳಿಯೂ ಯಾರ ಮಾತೂ ಕೇಳುವುದಿಲ್ಲ. ಇವೆರಡರ ನಡುವೆ ಸಿಕ್ಕಿಕೊಂಡವರು ನಾವು.

ಮೊದಲು ಡಿಸೆಂಬರೇ ಯಾಕೆ ಅಂತ ಹೇಳುತ್ತೇನೆ. ಮೆಕ್ಸಿಕೊದ ಶಾಂತ ಸಾಗರದ ಕಡೆ ಮೇ 15ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. ಅದು ಸುಮ್ನೆ ಕಾಗದದ ಮೇಲಿನ ಲೆಕ್ಕವಲ್ಲ. 2015ರ ಅಕ್ಟೋಬರ್ 23ರಂದು ಪೆಟ್ರೀಷಿಯಾ ಅನ್ನುವ ಚಂಡಮಾರುತ ಬಂದು ಅಪ್ಪಳಿಸಿದ್ದು ನಾವು ಓಡಾಡಿದ ಇದೇ ಹಾಲಿಸ್ಕೊ ರಾಜ್ಯದ ದಡಕ್ಕೆ. ಇನ್ನೂ ಕಡಲ ಮೇಲೆ ಇದ್ದಾಗ ಅದರ ಗಾಳಿ ಗಂಟೆಗೆ 345 ಕಿಲೋಮೀಟರ್ ಮುಟ್ಟಿತ್ತು. ಪುಣ್ಯಕ್ಕೆ ದಡ ಮುಟ್ಟುವ ಹೊತ್ತಿಗೆ ಅದರ ಜೋರು ಒಂದಿಷ್ಟು ಇಳಿದಿತ್ತು, ಮುಟ್ಟಿದ್ದೂ ಜನವಸತಿ ಕಮ್ಮಿ ಇರುವ ಜಾಗವನ್ನ. ಹಾಗಾಗಿ ಕ್ಯಾಲಿಫೋರ್ನಿಯಾ, ಕೆನಡಾ ಕಡೆಯ ಬೋಟುಗಳೆಲ್ಲ ಸ್ಯಾನ್ ಡಿಯಾಗೊದಲ್ಲಿ ಗುಂಪಾಗಿ ಕಾದು, ಅಕ್ಟೋಬರ್ ಕೊನೆಗೋ ನವೆಂಬರ್‌ಗೋ ದಕ್ಷಿಣಕ್ಕೆ ಹೊರಡುತ್ತವೆ. ಬಾಹಾ ಹಾಹಾ ಅಂತ ಒಂದು ಮೆರವಣಿಗೆಯೇ ಇದೆ, 1994ರಿಂದ ನಡೆಯುತ್ತಿದೆ. ಸ್ಯಾನ್ ಡಿಯಾಗೊದಿಂದ ಕಾಬೊ ಸಾನ್ ಲೂಕಾಸ್‌ವರೆಗೆ ಸುಮಾರು 750 ಮೈಲಿ ಎಲ್ಲರೂ ಒಟ್ಟಿಗೆ ಹೋಗುತ್ತಾರೆ. ಹೋಗುವಾಗ ಗಾಳಿ ಬೆನ್ನ ಹಿಂದೆ ಇರುತ್ತದೆ, ಸುಖ. ವಾಪಸ್ ಬರುವಾಗ ಅದೇ ಗಾಳಿ ಮುಖಕ್ಕೆ ಹೊಡೆಯುತ್ತದೆ. ಆ ಪ್ರಯಾಣದ ಬಗ್ಗೆ ಅವರು ಜಾಸ್ತಿ ಮಾತಾಡುವುದಿಲ್ಲ.

ಕಾಬೊದಿಂದ ಮುಂದೆ ದಾರಿ ಎರಡಾಗುತ್ತದೆ. ಎಡಕ್ಕೆ ತಿರುಗಿ ಮೇಲೆ ಹೋದರೆ ಕೊರ್ತೆಸ್ ಸಮುದ್ರ. ಬಾಹಾ ಅನ್ನುವ ಉದ್ದನೆಯ ಭೂಮಿಗೂ ಮೆಕ್ಸಿಕೊದ ಮುಖ್ಯ ನೆಲಕ್ಕೂ ನಡುವೆ ಇರುವ ಕಿರಿದಾದ ಕಡಲು ಅದು. ಫೋಟೊಗಳಲ್ಲಿ ನೋಡಿದರೆ ಸ್ವರ್ಗ. ಕೆಂಪು ಬಂಡೆ, ಪಾಪಾಸುಕಳ್ಳಿ, ಹಸಿರು ನೀರು. ಕ್ರಿಸ್‌ಮಸ್‌ಗೆ ಅಲ್ಲಿಗೇ ಹೋಗೋಣ ಅಂತ ನನ್ನ ಗಂಡ ಹಟ ಹಿಡಿದಿದ್ದರು. ಯಜಮಾನಿ ಒಪ್ಪಲಿಲ್ಲ. ಚಳಿಗಾಲದಲ್ಲಿ ಅಮೆರಿಕದ ನೆವಾಡಾ, ಯೂಟಾ ಕಡೆ ಭಾರವಾದ ತಣ್ಣನೆ ಗಾಳಿ ಜಮಾಯಿಸುತ್ತದೆ. ಅದು ದಕ್ಷಿಣಕ್ಕೆ ಜಾರಿ, ಎರಡೂ ಬದಿ ಬೆಟ್ಟ ಇರುವ ಆ ಕಡಲಿನೊಳಗೆ ನುಗ್ಗಿ, ಕೆಲವೊಮ್ಮೆ ದಿನಗಟ್ಟಲೆ ಬಿಡದೆ ಬೀಸುತ್ತದೆ. ಅದನ್ನು ಅವರು ನಾರ್ದರ್ ಅನ್ನುತ್ತಾರೆ. ಅಲೆ ಭಾರಿ ಎತ್ತರ ಏನಲ್ಲ, ಆದರೆ ಒಂದರ ಬೆನ್ನಿಗೆ ಇನ್ನೊಂದು ಹತ್ತಿರ ಹತ್ತಿರ, ಗೋಡೆಯ ಹಾಗೆ ಕಡಿದಾಗಿ ಬರುತ್ತದೆ. ಒಂದು ಅಲೆಯಿಂದ ಬೋಟು ಸುಧಾರಿಸಿಕೊಳ್ಳುವಷ್ಟರಲ್ಲಿ ಇನ್ನೊಂದು ಬಡಿಯುತ್ತದೆ. ಅದಕ್ಕೇ ಡಿಸೆಂಬರ್‌ನಲ್ಲಿ ತಿಳಿದವರು ಬಹಳ ಜನ ಆ ಕಡಲು ಬಿಟ್ಟು, ದಾಟಿ, ಮುಖ್ಯ ನೆಲದ ದಡ ಹಿಡಿದು ಕೆಳಗೆ ಬರುತ್ತಾರೆ. ಮಸತ್ಲಾನ್, ಹಕ್ಕಿಗಳ ದ್ವೀಪ ಇಸ್ಲಾ ಇಸಬೆಲ್, ಆಮೇಲೆ ಬಾಂದೆರಾಸ್ ಕೊಲ್ಲಿ. ನಮ್ಮವರೂ ಹಾಗೇ ಬಂದಿದ್ದರು. ನಾವು ಪ್ವೆರ್ತೊ ವಯಾರ್ತಾಕ್ಕೆ ವಿಮಾನದಲ್ಲಿ ಇಳಿದು, ಕೊಲ್ಲಿಯ ಉತ್ತರ ಬದಿಯ ಲಾ ಕ್ರೂಸ್ ಅನ್ನುವ ಮೀನುಗಾರರ ಊರಿನಲ್ಲಿ ಬೋಟು ಹತ್ತಿದೆವು.

ವಯಾರ್ತಾದ ಕಡಲ ದಂಡೆಯ ರಸ್ತೆಯಲ್ಲಿ ನನಗೊಂದು ಆಶ್ಚರ್ಯ ಕಾದಿತ್ತು. ಒಬ್ಬರು ದೊಡ್ಡ ಸೋರೆ ಬುರುಡೆ ಹೊತ್ತುಕೊಂಡು ಏನೋ ಮಾರುತ್ತಿದ್ದರು. ಹೆಸರು ತುಬಾ. ಲೋಟಕ್ಕೆ ಸುರಿದು, ಮೇಲೆ ಹೆಚ್ಚಿದ ಸೇಬು, ಕಡಲೆಕಾಯಿ ಉದುರಿಸಿ ಕೊಟ್ಟರು. ಒಂದು ಗುಟುಕು ಕುಡಿದೆ. ಇದು ನಮ್ಮ ತೆಂಗಿನ ಕಳ್ಳು! ಹುಳಿ ಬರುವ ಮುಂಚಿನ ಸಿಹಿ ಕಳ್ಳು. ಮೆಕ್ಸಿಕೊದಲ್ಲಿ ಕಳ್ಳು ಹೇಗೆ ಅಂತ ಹುಡುಕಿದರೆ ಕಥೆ ಮನಿಲಾಕ್ಕೆ ಹೋಗುತ್ತದೆ. 1565ರಿಂದ 1815ರವರೆಗೆ, ಇನ್ನೂರೈವತ್ತು ವರ್ಷ, ಸ್ಪೇನಿನ ಹಡಗುಗಳು ಫಿಲಿಪ್ಪೀನ್ಸ್‌ನ ಮನಿಲಾಕ್ಕೂ ಇದೇ ದಡದ ಅಕಾಪುಲ್ಕೊಕ್ಕೂ ಓಡಾಡುತ್ತಿದ್ದವು. ಅದರಲ್ಲಿ ಬಂದ ಫಿಲಿಪ್ಪೀನ್ಸ್ ಜನ ತೆಂಗಿನ ಮರ ಹತ್ತಿ ಕಳ್ಳು ಇಳಿಸುವುದನ್ನು ಇಲ್ಲಿಯವರಿಗೆ ಕಲಿಸಿದರು. ಇಲ್ಲಿ ಒಂದು ತಳಿಯ ಮಾವಿನಹಣ್ಣಿಗೆ ಇವತ್ತಿಗೂ ಮನಿಲಾ ಅಂತಲೇ ಹೆಸರು. ಮಿರ್ರಾ ಅನ್ನುವ ಒಬ್ಬ ಭಾರತದ ಹುಡುಗಿಯನ್ನೂ ಗುಲಾಮಳಾಗಿ ಮಾಡಿ ಇದೇ ದಾರಿಯಲ್ಲಿ ಮೆಕ್ಸಿಕೊಗೆ ತಂದು ಮಾರಿದ್ದರು. ಆಕೆ ಪ್ವೆಬ್ಲಾ ನಗರದಲ್ಲಿ ಕತರೀನಾ ದೆ ಸಾನ್ ಹುವಾನ್ ಆಗಿ ಬದುಕಿ, ಜನ ಸಂತಳೆಂದು ಕೈಮುಗಿಯುವಷ್ಟು ಹೆಸರಾಗಿ 1688ರಲ್ಲಿ ತೀರಿಕೊಂಡಳು. ಅದು ಬೇರೆಯೇ ಒಂದು ಭಾಷಣಕ್ಕಾಗುವ ವಿಷಯ, ಇಲ್ಲಿಗೆ ಬಿಡುತ್ತೇನೆ.

ಲಾ ಕ್ರೂಸ್‌ನಲ್ಲಿ ನಾವು ಒಂದೆರಡು ದಿನ ಇದ್ದು ಹೊರಡುವುದು ಅಂತಿತ್ತು. ಹೊರಡಲಿಲ್ಲ. ಕಾರಣ ಕಾಬೊ ಕೊರಿಯೆಂತೆಸ್. ಕೊಲ್ಲಿಯ ದಕ್ಷಿಣ ತುದಿಯಲ್ಲಿ ಕಡಲಿಗೆ ಚಾಚಿಕೊಂಡ ಭೂಶಿರ ಅದು. ಮೆಕ್ಸಿಕೊದ ಈ ದಡದಲ್ಲಿ ಹಾಯಿಯವರು ಸ್ವಲ್ಪ ಭಯಭಕ್ತಿಯಿಂದ ಮಾತಾಡುವ ಜಾಗ. ಪೈಪಿನ ಬಾಯಿ ಅದುಮಿದರೆ ನೀರು ಚಿಮ್ಮುತ್ತದಲ್ಲ, ಹಾಗೆ ಅಲ್ಲಿ ಬೆಟ್ಟದ ಮೂತಿ ಸುತ್ತುವಾಗ ಗಾಳಿ ರಭಸ ಪಡೆಯುತ್ತದೆ. ಪ್ರವಾಹವೂ ಸೇರಿಕೊಂಡರೆ ಅಲೆಗಳು ಯಾವ ದಿಕ್ಕಿನಿಂದ ಬರುತ್ತವೆ ಅಂತಲೇ ಗೊತ್ತಾಗುವುದಿಲ್ಲ. ಮಧ್ಯಾಹ್ನ ದಡದ ಗಾಳಿ ಎದ್ದಾಗ ಅಲ್ಲಿರಬಾರದು, ಬೆಳಗಿನ ಜಾವ ಅದು ಮಲಗಿದ್ದಾಗ ದಾಟಬೇಕು. ಮೇಲೆ ಕೊರ್ತೆಸ್ ಸಮುದ್ರದಲ್ಲಿ ಒಂದು ನಾರ್ದರ್ ಎದ್ದು ಅದರ ಉಬ್ಬು ಇಲ್ಲಿವರೆಗೂ ಬರುತ್ತಿತ್ತು. ದಿನಾ ಬೆಳಗ್ಗೆ ಯಜಮಾನರು ಗಾಳಿಯ ಮುನ್ಸೂಚನೆ ಇಳಿಸಿಕೊಂಡು, ನಕ್ಷೆಯ ಮೇಲಿನ ಬಾಣಗಳನ್ನು ನೋಡಿ, ತಲೆ ಅಲ್ಲಾಡಿಸಿ, ಇನ್ನೊಂದು ಕಾಫಿ ಮಾಡುತ್ತಿದ್ದರು. ನನಗೆ ಒಳಗೊಳಗೇ ಸಿಟ್ಟು. ಆಫೀಸಿನಲ್ಲಿ ರಜೆಗೆ ಲೆಕ್ಕ ಹಾಕಿ ಬಂದವಳು ನಾನು. ಅವರಿಗೋ ಮಾರ್ಚ್‌ವರೆಗೂ ಪುರುಸೊತ್ತು. ಈ ವ್ಯತ್ಯಾಸ ಸಣ್ಣದಲ್ಲ. ಹಾಯಿದೋಣಿಗಳು ತೊಂದರೆಗೆ ಸಿಕ್ಕಿಕೊಳ್ಳುವ ಕಥೆಗಳನ್ನು ಕೇಳುತ್ತಾ ಹೋದರೆ, ಬಿರುಗಾಳಿಗಿಂತ ಮುಂಚೆ ಅಲ್ಲಿ ಒಂದು ವಿಮಾನದ ಟಿಕೆಟ್ ಬರುತ್ತದೆ. ಯಾರನ್ನೋ ಕರೆದುಕೊಳ್ಳಬೇಕಿತ್ತು, ಯಾರಿಗೋ ವಾಪಸ್ ಹೋಗಬೇಕಿತ್ತು, ಅದಕ್ಕೆ ಹೊರಡಬಾರದ ದಿನ ಹೊರಟೆವು ಅಂತ.

ಕಾದಿದ್ದರಿಂದ ನಷ್ಟವೇನೂ ಆಗಲಿಲ್ಲ ಅನ್ನಿ. ಡಿಸೆಂಬರ್ 16ರಿಂದ 24ರವರೆಗೆ ಒಂಬತ್ತು ರಾತ್ರಿ ಅಲ್ಲಿ ಪೊಸಾದಾ ನಡೆಯುತ್ತದೆ. ಮರಿಯಾ ತುಂಬು ಬಸುರಿ, ಜೋಸೆಫ್ ಜೊತೆ ಬೆತ್ಲೆಹೇಮಿನಲ್ಲಿ ಮನೆ ಮನೆ ಬಾಗಿಲು ತಟ್ಟಿ ಒಂದು ರಾತ್ರಿ ತಂಗಲು ಜಾಗ ಕೇಳಿದ ಕಥೆ ಗೊತ್ತಲ್ಲ, ಅದನ್ನು ಬೀದಿಯಲ್ಲಿ ಆಡುತ್ತಾರೆ. ಮಕ್ಕಳು ಮೇಣದಬತ್ತಿ ಹಿಡಿದು ಒಂದು ಮನೆಯ ಮುಂದೆ ನಿಂತು ಹಾಡಿನಲ್ಲೇ ಜಾಗ ಕೇಳುತ್ತಾರೆ. ಒಳಗಿನವರು ಹಾಡಿನಲ್ಲೇ ಬೈಯುತ್ತಾರೆ: ಹೋಗಿ, ಇದು ಛತ್ರ ಅಲ್ಲ, ನೀವು ಕಳ್ಳರಿರಬಹುದು. ಹೀಗೆ ಒಳಗೂ ಹೊರಗೂ ಪದ್ಯದ ಮೇಲೆ ಪದ್ಯ ಜಗಳ ಸಾಗಿ, ಕೊನೆಗೆ ಬಂದವರು ಯಾರು ಅಂತ ತಿಳಿದು ಬಾಗಿಲು ತೆರೆಯುತ್ತದೆ, ಎಲ್ಲರೂ ಗದ್ದಲ ಮಾಡಿಕೊಂಡು ಒಳಗೆ ನುಗ್ಗುತ್ತಾರೆ. 1587ರಲ್ಲಿ ಮೆಕ್ಸಿಕೊ ನಗರದ ಹತ್ತಿರದ ಅಕೊಲ್ಮಾನ್ ಅನ್ನುವ ಊರಿನ ಪಾದ್ರಿಗಳು ಪೋಪ್‌ರ ಅನುಮತಿ ತೆಗೆದುಕೊಂಡು ಶುರು ಮಾಡಿದ ಪೂಜೆಯಿಂದ ಇದು ಬೆಳೆದದ್ದು. ಈಗ ಪೂಜೆಗಿಂತ ಮಕ್ಕಳ ಹಬ್ಬ. ಏಳು ಕೊಂಬಿನ ನಕ್ಷತ್ರದ ಪಿನ್ಯಾತಾ ಕಟ್ಟಿರುತ್ತಾರೆ, ಏಳು ಪಾಪಗಳಿಗೆ ಏಳು ಕೊಂಬು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೋಲಿನಿಂದ ಹೊಡೆಯಬೇಕು. ಒಡೆದರೆ ಕಡಲೆಕಾಯಿ, ಕಿತ್ತಳೆ, ಕಬ್ಬಿನ ತುಂಡು, ಮಿಠಾಯಿ ಸುರಿಯುತ್ತದೆ. ದೊಡ್ಡವರಿಗೆ ಪೊನ್ಚೆ ಕೊಡುತ್ತಾರೆ. ಸೀಬೆ, ಕಬ್ಬು, ಹುಣಸೆ, ಚಕ್ಕೆ, ತೆಹೊಕೊತೆ ಅನ್ನುವ ಸಣ್ಣ ಹಳದಿ ಹಣ್ಣು ಎಲ್ಲ ಹಾಕಿ ಬೆಲ್ಲದಲ್ಲಿ ಕುದಿಸಿದ ಬಿಸಿ ಪಾನಕ. ಹೌದು, ಬೆಲ್ಲವೇ. ಅಲ್ಲಿ ಅದನ್ನು ಗೋಪುರದ ಆಕಾರದ ಅಚ್ಚಿನಲ್ಲಿ ಮಾಡಿ ಮಾರುತ್ತಾರೆ. ಡಿಸೆಂಬರ್ ಆದರೂ ಅಂಗಿ ಒದ್ದೆಯಾಗುವ ಸೆಕೆ. ಆ ಸೆಕೆಯಲ್ಲಿ ಬಿಸಿ ಪಾನಕ ಯಾಕೆ ಅಂತ ಕೇಳಬೇಡಿ, ಕುಡಿದು ನೋಡಿ.

ತಮಾಲೆ, ಅಂದರೆ ಮೆಕ್ಕೆಜೋಳದ ಹಿಟ್ಟಿನೊಳಗೆ ಹೂರಣ ಇಟ್ಟು ಸುತ್ತಿ ಬೇಯಿಸಿದ ತಿಂಡಿ, ಅದರ ಬಗ್ಗೆ ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ಒಳಗೆ ಬರೀ ಮೆಣಸಿನಕಾಯಿ, ಚೀಸ್ ಇದ್ದರೂ ಹೊರಗಿನ ಹಿಟ್ಟಿಗೆ ಸಾಮಾನ್ಯವಾಗಿ ಹಂದಿ ಕೊಬ್ಬು ಕಲಸಿರುತ್ತಾರೆ. ಕೇಳಿಯೇ ತಿನ್ನಿ.

ಗಾಳಿ ಇಳಿದ ದಿನ ಸಂಜೆ ಯಜಮಾನರು ಕಾಫಿ ಮಾಡದೆ ಲಂಗರು ಎತ್ತುವ ಮಾತಾಡಿದರು. ಕೊಲ್ಲಿಯ ಬಾಯಿ ದಾಟಿ ಭೂಶಿರ ತಲುಪುವ ಹೊತ್ತಿಗೆ ಬೆಳಗಿನ ಜಾವ ಮೂರು ಗಂಟೆ ಆಗಬೇಕು, ಅದಕ್ಕೆ ರಾತ್ರಿಯೇ ಹೊರಡಬೇಕು. ಬೋಟಿನ ವೇಗ ಐದೂವರೆ ನಾಟ್, ಅಂದರೆ ಗಂಟೆಗೆ ಹತ್ತು ಕಿಲೋಮೀಟರ್. ಸೈಕಲ್ಲಿನವರು ನಮ್ಮನ್ನು ಹಿಂದೆ ಹಾಕಬಹುದು. ಈ ವೇಗ ಒಪ್ಪಿಕೊಳ್ಳದಿದ್ದರೆ ಹಾಯಿದೋಣಿ ಹತ್ತಬೇಡಿ.

ರಾತ್ರಿ ಕಾವಲು ಅಂತ ಇರುತ್ತದೆ. ಇಬ್ಬಿಬ್ಬರು ಮೂರು ಮೂರು ಗಂಟೆ. ಚುಕ್ಕಾಣಿಯನ್ನು ಆಟೊಪೈಲಟ್ ನೋಡಿಕೊಳ್ಳುತ್ತದೆ, ನಾವು ಕಣ್ಣು ಬಿಟ್ಟುಕೊಂಡಿದ್ದರೆ ಸಾಕು ಅಂದಿದ್ದರು. ಅಷ್ಟು ಸುಲಭ ಅಲ್ಲ. ಆ ದಡದಲ್ಲಿ ಪಾಂಗಾ ಅನ್ನುವ ಉದ್ದನೆಯ ತೆರೆದ ದೋಣಿಗಳಲ್ಲಿ ಮೀನು ಹಿಡಿಯುತ್ತಾರೆ. ಉದ್ದಕ್ಕೆ ಗಾಳದ ಹಗ್ಗ ಬಿಟ್ಟು, ಗುರುತಿಗೆ ಪ್ಲಾಸ್ಟಿಕ್ ಬಾಟಲಿಯೋ ಕಪ್ಪು ಬಾವುಟವೋ ಕಟ್ಟಿರುತ್ತಾರೆ. ಕಪ್ಪು ಬಾವುಟ, ಅದೂ ರಾತ್ರಿಯಲ್ಲಿ! ಆ ಹಗ್ಗ ನಮ್ಮ ಪ್ರೊಪೆಲರಿಗೆ ಸುತ್ತಿಕೊಂಡರೆ ಯಾರಾದರೂ ಚಾಕು ಹಿಡಿದು ನೀರಿಗೆ ಇಳಿಯಬೇಕು. ಮೀನುಗಾರರ ಹೊಟ್ಟೆಪಾಡಿನ ಹಗ್ಗ ಅದು, ಕತ್ತರಿಸಿದರೆ ನಷ್ಟ ಅವರದ್ದು. ಕಾವಲಿನಲ್ಲಿ ಇನ್ನೊಂದು ಕಟ್ಟುನಿಟ್ಟು: ಲೈಫ್ ಜಾಕೆಟ್ ಹಾಕಿ, ಸೊಂಟದ ಪಟ್ಟಿಯನ್ನು ಬೋಟಿನ ಹಗ್ಗಕ್ಕೆ ಕೊಂಡಿ ಹಾಕಿಯೇ ಕೂರಬೇಕು. ಇನ್ನೊಬ್ಬರನ್ನು ಎಬ್ಬಿಸದೆ ಮುಂದಿನ ಡೆಕ್ಕಿಗೆ ಹೋಗುವ ಹಾಗಿಲ್ಲ. ಕತ್ತಲಲ್ಲಿ ಬಿದ್ದವರನ್ನು ಹುಡುಕುವುದು ಬಹಳ ಕಷ್ಟ, ಹಾಗಾಗಿ ಬೀಳಲೇಬಾರದು.

ಇಷ್ಟೆಲ್ಲ ಹೆದರಿಸಿದ ಮೇಲೆ ಚಂದದ್ದನ್ನೂ ಹೇಳಬೇಕಲ್ವಾ. ಬೋಟಿನ ಹಿಂದೆ ನೀರು ಕದಡಿದ ಕಡೆಯೆಲ್ಲ ಹಸಿರು ಬೆಳಕು. ನೀರಿನಲ್ಲಿರುವ ಕಣ್ಣಿಗೆ ಕಾಣದ ಜೀವಿಗಳು ಅಲುಗಾಡಿದರೆ ಬೆಳಗುತ್ತವೆ. ಡಾಲ್ಫಿನ್‌ಗಳು ಆ ಬೆಳಕಿನ ಗೆರೆ ಎಳೆದುಕೊಂಡು ಎರಡೂ ಬದಿಯಲ್ಲಿ ಬಂದವು. ಬಾಂದೆರಾಸ್ ಕೊಲ್ಲಿಗೆ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಗೂನುಬೆನ್ನಿನ ತಿಮಿಂಗಿಲಗಳು ಮರಿ ಹಾಕಲು, ಜೋಡಿ ಹುಡುಕಲು ಬರುತ್ತವೆ. ಗಂಡು ತಿಮಿಂಗಿಲ ಹಾಡುತ್ತದೆ. ಎಂಜಿನ್ ನಿಲ್ಲಿಸಿ ಒಳಗೆ ಮಲಗಿದರೆ ಬೋಟಿನ ತಳದ ಮೂಲಕ ಆ ಸ್ವರ ಕೇಳುತ್ತದೆ. ನನ್ನ ಗಂಡ ಅದನ್ನು ಪಂಪ್ ಕೆಟ್ಟ ಸದ್ದು ಅಂದುಕೊಂಡು ಎದ್ದು ಕೂತಿದ್ದರು. ಭೂಶಿರವೋ, ಆ ರಾತ್ರಿ ಕೆರೆಯ ನೀರಿನಷ್ಟು ತಣ್ಣಗಿತ್ತು. ಅದಕ್ಕಾಗಿಯೇ ಅಷ್ಟು ದಿನ ಕಾದದ್ದು.

ಭೂಶಿರದಿಂದ ಕೆಳಗಿನ ದಡಕ್ಕೆ ಕೊಸ್ತಾಲೆಗ್ರೆ ಅನ್ನುತ್ತಾರೆ. ದೊಡ್ಡ ಊರಿಲ್ಲ. ಕಾಡು ಬೆಟ್ಟ, ನಡುವೆ ಒಂದೊಂದು ಕೊಲ್ಲಿ. ಮೊದಲು ಸಿಗುವುದು ಚಮೇಲಾ. ಮಧ್ಯಾಹ್ನ ಅಲ್ಲಿ ಲಂಗರು ಹಾಕಿದೆವು. ಊರಿಗೆ ಹೋಗಬೇಕಾದರೆ ಡಿಂಗಿ, ಅಂದರೆ ಗಾಳಿ ತುಂಬಿದ ಸಣ್ಣ ದೋಣಿ, ಅದರಲ್ಲಿ ಒಡೆಯುವ ಅಲೆಗಳ ಮಧ್ಯೆ ನುಗ್ಗಿ ಮರಳಿಗೆ ಹತ್ತಿಸಬೇಕು. ಅಲೆ ಗುಂಪು ಗುಂಪಾಗಿ ಬರುತ್ತದೆ. ದೊಡ್ಡವು ಒಂದಿಷ್ಟು ಬಂದ ಮೇಲೆ ಸ್ವಲ್ಪ ಹೊತ್ತು ಸಣ್ಣವು. ಆ ಸಂದಿಯಲ್ಲಿ ಎಂಜಿನ್ ಜೋರು ಮಾಡಿ ನುಗ್ಗುವುದು, ನೆಲ ಸಿಕ್ಕಿದ ಕೂಡಲೇ ಎಲ್ಲರೂ ಹಾರಿ ಎಳೆಯುವುದು. ಮರವಂತೆ, ಗಂಗೊಳ್ಳಿಯಲ್ಲಿ ನಾಡದೋಣಿಯವರು ದಿನಾ ಮಾಡುವ ಕೆಲಸ ಇದು. ಅದನ್ನು ನೋಡಿ ಬೆಳೆದ ನನಗೆ ಯಾವಾಗ ನುಗ್ಗಬೇಕು ಅಂತ ತಿಳಿಯಿತು. ಇಡೀ ಪ್ರಯಾಣದಲ್ಲಿ ನನ್ನ ಮಾತನ್ನು ಬೋಟಿನವರು ಕೇಳಿದ್ದು ಅಲ್ಲಿ ಮಾತ್ರ.

ಇನ್ನು 24. ಬೆಳಗ್ಗೆ ಚಮೇಲಾ ಬಿಟ್ಟೆವು. ತೆನಕತೀತಾ ಕೊಲ್ಲಿ ಹತ್ತಿರ ಬರುವಾಗ ಮಧ್ಯಾಹ್ನ ದಾಟಿತ್ತು. ಬಾರ್ರಾ ಅಲ್ಲಿಂದ ಇನ್ನು ಎರಡು ಮೂರು ಗಂಟೆ ಅಷ್ಟೇ. ನನ್ನ ಕಣ್ಣು ಗಡಿಯಾರದ ಮೇಲೆ. ಹೋದರೆ ಸೂರ್ಯ ಮುಳುಗುವ ಹೊತ್ತಿಗೆ ಸೇರಬಹುದಿತ್ತು. ಆದರೆ ಬಾರ್ರಾದಲ್ಲಿ ಲಂಗರು ಹಾಕುವುದು ಅಳಿವೆಯೊಳಗಿನ ಹಿನ್ನೀರಿನಲ್ಲಿ. ಅದು ಆಳ ಇಲ್ಲದ, ಕೆಸರಿನ ಜಾಗ. ದಾರಿ ಬಿಟ್ಟು ಸ್ವಲ್ಪ ಸರಿದರೆ ಬೋಟಿನ ಅಡಿ ನೆಲಕ್ಕೆ ಕೂರುತ್ತದೆ. ಬಾರ್ರಾ ಕೆಸರಿನಲ್ಲಿ ಕೂತವರದ್ದೇ ಒಂದು ಸಂಘ ಕಟ್ಟಬಹುದು, ಅಷ್ಟು ಜನ ಇದ್ದಾರೆ. ಅಲ್ಲಿಗೆ ಹೋಗುವುದಾದರೆ ಬಿಸಿಲು ಮೇಲಿರಬೇಕು, ಉಬ್ಬರ ಏರುತ್ತಿರಬೇಕು. ಯಜಮಾನಿ ನನ್ನ ಕಡೆ ನೋಡಿದರು. ನಾನು ಏನೂ ಹೇಳಲಿಲ್ಲ. ಚುಕ್ಕಾಣಿ ಎಡಕ್ಕೆ ತಿರುಗಿತು.

ತೆನಕತೀತಾದಲ್ಲಿ ಆಗಲೇ ಬೋಟುಗಳ ಒಂದು ಕೇರಿಯೇ ಇತ್ತು. ಬೆಳಗ್ಗೆ ಎಲ್ಲರೂ ವಿಎಚ್‌ಎಫ್ ರೇಡಿಯೊದಲ್ಲಿ ಸೇರುತ್ತಾರೆ, ಅದಕ್ಕೆ ನೆಟ್ ಅನ್ನುತ್ತಾರೆ. ಮೊದಲು ಯಾರಿಗಾದರೂ ತುರ್ತು ಇದೆಯಾ, ಆಮೇಲೆ ಹವಾಮಾನ, ಆಮೇಲೆ ಯಾರು ಬಂದರು ಯಾರು ಹೋದರು, ಕೊನೆಗೆ ಕೊಡುಕೊಳ್ಳುವ ವ್ಯವಹಾರ. ನನ್ನ ಹತ್ತಿರ ಹಳೆ ಪಂಪ್ ಇದೆ, ನಿಮ್ಮ ಹತ್ತಿರ ಇಂಥ ಫಿಲ್ಟರ್ ಇದೆಯಾ ಅಂತ. ಪರದೇಶದವರು ಅಲ್ಲಿ ವ್ಯಾಪಾರ ಮಾಡುವಂತಿಲ್ಲವಾದ್ದರಿಂದ ಬೆಲೆಯನ್ನು ತೆಂಗಿನಕಾಯಿಯಲ್ಲಿ ಹೇಳುತ್ತಾರೆ, ಇದಕ್ಕೆ ಇಷ್ಟು ಕಾಯಿ ಅಂತ. ಆ ಸಂಜೆ ಎಲ್ಲರೂ ಡಿಂಗಿಗಳನ್ನು ಒಂದಕ್ಕೊಂದು ಕಟ್ಟಿಕೊಂಡು ಕೊಲ್ಲಿಯ ಮಧ್ಯೆ ತೇಲುತ್ತಾ ಊಟ ಮಾಡುವುದು ಅಂತ ಗೊತ್ತಾಯಿತು. ಪ್ರತಿ ಡಿಂಗಿಯಿಂದ ಒಂದು ಪಾತ್ರೆ, ಅದು ಕೈಯಿಂದ ಕೈಗೆ ಸುತ್ತಬೇಕು.

ನಾನು ಪುಳಿಯೋಗರೆ ಮಾಡಿದೆ. ಹುಣಸೆ, ಒಣಮೆಣಸು, ಕಡಲೆಕಾಯಿ, ಬೆಲ್ಲ, ಕೊಬ್ಬರಿ ಎಲ್ಲವೂ ಲಾ ಕ್ರೂಸ್‌ನ ಅಂಗಡಿಯಲ್ಲೇ ಸಿಕ್ಕಿತ್ತು. ಇಂಗು, ಸಾಸಿವೆ ಮಾತ್ರ ಮನೆಯಿಂದ ಒಯ್ದಿದ್ದೆ. ಇನ್ನು ಕುಕ್ಕರು, ಅದು ಬೋಟಿನಲ್ಲೇ ಇತ್ತು. ಹಾಯಿದೋಣಿಯವರಿಗೆ ಪ್ರೆಷರ್ ಕುಕ್ಕರ್ ಬಹಳ ಇಷ್ಟದ ಪಾತ್ರೆ. ಗ್ಯಾಸು ಉಳಿಯುತ್ತದೆ, ನೀರು ಕಮ್ಮಿ ಸಾಕು, ಬೋಟು ವಾಲಿದರೆ ಮುಚ್ಚಳ ಹಾರುವುದಿಲ್ಲ. ಒಲೆಯೂ ವಿಚಿತ್ರ, ಎರಡು ಗೂಟದ ಮೇಲೆ ತೂಗಾಡುತ್ತದೆ. ಬೋಟು ಎಷ್ಟೇ ಓಲಾಡಲಿ, ಒಲೆ ಸಮ ಇರುತ್ತದೆ. ಓಲಾಡುವುದು ನಾವು. ಆ ಕೊಲ್ಲಿಯಲ್ಲಿ ವಿಷಲ್ ಹೊಡೆದಾಗ ಪಕ್ಕದ ಬೋಟಿನವರು ಏನೋ ಅಲಾರಂ ಅಂತ ಹೊರಗೆ ಬಂದು ನೋಡಿದರು. ಪುಳಿಯೋಗರೆ ಒಂದು ಸುತ್ತು ಪೂರ್ತಿ ಬರಲಿಲ್ಲ, ಮೂರನೇ ಡಿಂಗಿಯ ಕೆನಡಾದವರು ಪಾತ್ರೆಯನ್ನು ಮುಂದಕ್ಕೆ ಕಳಿಸಲೇ ಇಲ್ಲ. ಯಾರೋ ಹಾರ್ಮೋನಿಕಾ ನುಡಿಸಿದರು. ಮಧ್ಯರಾತ್ರಿ ಕೊಲ್ಲಿಯ ಆಚೆ ದಡದ ಲಾ ಮನ್ಸನಿಯಾ ಊರಿನಲ್ಲಿ ಪಟಾಕಿ ಹೊಡೆದರು. ಅಲ್ಲಿ ಕ್ರಿಸ್‌ಮಸ್ ಊಟ 24ರ ನಡುರಾತ್ರಿಯೇ. 25ರಂದು ಊರು ತಡವಾಗಿ ಏಳುತ್ತದೆ.

ಬಾರ್ರಾಕ್ಕೆ ಹೋದದ್ದು ಅದಾದ ಮೇಲೆ, ಒಳ್ಳೆ ಬಿಸಿಲಿನಲ್ಲಿ, ಉಬ್ಬರ ನೋಡಿಕೊಂಡು. ಮೆಕ್ಸಿಕೊವನ್ನು ಆಳುತ್ತಿದ್ದ ಸ್ಪೇನಿನ ವೈಸ್‌ರಾಯ್ ಅಂತೋನಿಯೊ ದೆ ಮೆಂದೋಸಾ 1540ರ ಡಿಸೆಂಬರ್ 25ರಂದು ಅಲ್ಲಿ ಬಂದು ಇಳಿದಿದ್ದರಿಂದ ಊರಿಗೆ ಕ್ರಿಸ್‌ಮಸ್ ಹೆಸರು ಬಂತು. ಅವರಿಗೆ ತಾರೀಕು ಸಿಕ್ಕಿತು, ನಮಗೆ ಸಿಗಲಿಲ್ಲ, ಇರಲಿ. ಆದರೆ ನನಗೆ ಆ ಊರಿನಲ್ಲಿ ಜಾಸ್ತಿ ಹಿಡಿಸಿದ್ದು 1564ರ ಕಥೆ. ಆ ವರ್ಷ ನವೆಂಬರ್ 21ರಂದು ಲೆಗಾಸ್ಪಿ ಅನ್ನುವವರ ಹಡಗುಗಳು ಅಲ್ಲಿಂದಲೇ ಫಿಲಿಪ್ಪೀನ್ಸ್‌ಗೆ ಹೊರಟವು. ಹೋಗುವುದು ಅವರಿಗೆ ಗೊತ್ತಿತ್ತು, ಬೆನ್ನಿಗೆ ಗಾಳಿ ಇದೆ. ವಾಪಸ್ ಬರುವುದು ಗೊತ್ತಿರಲಿಲ್ಲ, ಅದಕ್ಕಿಂತ ಮುಂಚೆ ಪ್ರಯತ್ನಿಸಿದವರು ಅದೇ ಗಾಳಿಗೆ ಎದುರಾಗಿ ಸೋತಿದ್ದರು. ಆ ಹಡಗಿನಲ್ಲಿದ್ದ ಉರ್ದಾನೆತಾ ಅನ್ನುವ ಪಾದ್ರಿ, ಅವರೇ ದಾರಿ ತಿಳಿದವರೂ ಹೌದು, ನೇರ ಬರುವ ಗೋಜಿಗೆ ಹೋಗದೆ ಉತ್ತರಕ್ಕೆ ಜಪಾನಿನ ನೇರಕ್ಕೆ ಏರಿ, ಅಲ್ಲಿ ಪಶ್ಚಿಮದಿಂದ ಬೀಸುವ ಗಾಳಿ ಹಿಡಿದು, ಕ್ಯಾಲಿಫೋರ್ನಿಯಾ ಕಡೆ ತಲುಪಿ, ದಡ ಹಿಡಿದು ಇಳಿದು 1565ರ ಅಕ್ಟೋಬರ್‌ನಲ್ಲಿ ಅಕಾಪುಲ್ಕೊ ಸೇರಿದರು. ನಾಲ್ಕು ತಿಂಗಳ ಸುತ್ತು. ನಾನು ಮೊದಲು ಹೇಳಿದ ಕಳ್ಳು, ಮಾವು, ಮಿರ್ರಾ ಎಲ್ಲ ಬಂದದ್ದು ಆ ಸುತ್ತು ದಾರಿಯಲ್ಲೇ.

ಬಾರ್ರಾದ ಚರ್ಚಿನಲ್ಲಿ ಇನ್ನೊಂದು ನೋಡಬೇಕಾದ್ದಿದೆ. ಶಿಲುಬೆಯ ಮೇಲಿನ ಕ್ರಿಸ್ತನ ತೋಳುಗಳು ಕಳಚಿ ಪಕ್ಕದಲ್ಲಿ ಇಳಿಬಿದ್ದಿವೆ. 1971ರಲ್ಲಿ ಲಿಲಿ ಚಂಡಮಾರುತ ಬಂದಾಗ ಊರಿನವರು ಒಳಗೆ ಸೇರಿ ಬೇಡುತ್ತಿದ್ದರಂತೆ. ಆಗ ತೋಳು ಕೆಳಗೆ ಬಿತ್ತು, ಗಾಳಿಯೂ ಇಳಿಯಿತು ಅಂತ ಜನ ಹೇಳುತ್ತಾರೆ. ರಿಪೇರಿ ಮಾಡಿಸದೆ ಹಾಗೇ ಇಟ್ಟಿದ್ದಾರೆ. ಚಂಡಮಾರುತದ ಕ್ರಿಸ್ತ ಅಂತಲೇ ಕರೆಯುತ್ತಾರೆ. ಹೊರಗೆ ಹಿನ್ನೀರಿನಲ್ಲಿ ಬೆಳಗ್ಗೆ ಫ್ರೆಂಚ್ ಬೇಕರಿಯವರು ದೋಣಿಯಲ್ಲಿ ಬಂದು ಬೋಟಿನ ಬಾಗಿಲಿಗೇ ಬಿಸಿ ಕ್ರಾಸಾಂಟ್ ಕೊಟ್ಟು ಹೋಗುತ್ತಾರೆ. ಇಷ್ಟು ಸುಖ ಇದ್ದ ಮೇಲೆ ಬೋಟುಗಳು ಅಲ್ಲೇ ತಿಂಗಳುಗಟ್ಟಲೆ ಕೂರುವುದರಲ್ಲಿ ಆಶ್ಚರ್ಯ ಇಲ್ಲ. ಕೆಸರಿನದ್ದು ಬೇರೆ ಮಾತು.

ಸಭೆಯಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಸೇರಿಸುತ್ತೇನೆ.

ವಾಂತಿ ಆಗಲ್ವಾ ಅಂತ ಕೇಳಿದರು. ಆಗುತ್ತದೆ. ಹಾಯಿ ಬಿಟ್ಟ ಮೊದಲ ರಾತ್ರಿ ನನಗೆ ಆಯಿತು. ಮಾತ್ರೆಯನ್ನು ಹೊರಡುವ ಮುಂಚೆಯೇ ತೆಗೆದುಕೊಳ್ಳಬೇಕು, ಶುರುವಾದ ಮೇಲೆ ನುಂಗಿದರೆ ಅದೂ ಹೊರಗೆ ಬರುತ್ತದೆ. ಒಳಗೆ ಕೂತು ಫೋನ್ ನೋಡಬಾರದು. ಹೊರಗೆ ಕೂತು ದೂರದ ಗೆರೆ ನೋಡಬೇಕು, ಸಾಧ್ಯವಾದರೆ ಚುಕ್ಕಾಣಿ ಹಿಡಿಯಬೇಕು.

ಕಳ್ಳತನ? ರಾತ್ರಿ ಡಿಂಗಿಯನ್ನು ನೀರಿನಲ್ಲಿ ಬಿಡಬೇಡಿ, ಎತ್ತಿ ಬೋಟಿಗೆ ಕಟ್ಟಿ. ಅಷ್ಟೇ ಎಚ್ಚರಿಕೆ ಎಲ್ಲರೂ ಹೇಳಿದ್ದು. ಕಾಗದಪತ್ರ? ಬೋಟಿಗೆ ತಾತ್ಕಾಲಿಕ ಆಮದು ಪರವಾನಗಿ ಬೇಕು, ಹತ್ತು ವರ್ಷಕ್ಕೆ ಕೊಡುತ್ತಾರೆ. ಬೋಟಿನಲ್ಲಿ ಮೀನಿನ ಗಾಳ ಇದ್ದರೆ ಮೀನು ಹಿಡಿಯದವರೂ ಸೇರಿ ಎಲ್ಲರಿಗೂ ಮೀನುಗಾರಿಕೆ ಲೈಸೆನ್ಸ್ ಬೇಕು. ಸಸ್ಯಾಹಾರಿಯಾದ ನನ್ನ ಗಂಡನ ಹೆಸರಿನಲ್ಲೂ ಒಂದು ಇದೆ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನ ಒಬ್ಬ ಅಮ್ಮನದು. ಅವರ ಮಗ ಮುಂದಿನ ಡಿಸೆಂಬರ್‌ಗೆ ಸ್ನೇಹಿತರ ಬೋಟಿಗೆ ಹೋಗುತ್ತಾನಂತೆ. ಟಿಕೆಟ್ ಎಲ್ಲಿಗೆ ತೆಗೆಯಬೇಕು ಅಂತ ಕೇಳಿದರು. ಬಹಳ ಒಳ್ಳೆ ಪ್ರಶ್ನೆ ಅಮ್ಮಾ. ಪ್ವೆರ್ತೊ ವಯಾರ್ತಾಕ್ಕೋ, ಬಾರ್ರಾದಿಂದ ಇನ್ನೂ ಕೆಳಗಿರುವ ಮನ್ಸನಿಯೊಕ್ಕೋ ತೆಗೆಯಲಿ, ಬದಲಾಯಿಸಲು ಆಗುವಂಥ ಟಿಕೆಟ್ ಆಗಿರಲಿ. ಈ ಎರಡು ಊರುಗಳ ನಡುವೆ 200ನೇ ಹೆದ್ದಾರಿ ಹೋಗುತ್ತದೆ, ಬಸ್ಸುಗಳಿವೆ. ಇಳಿದ ಮೇಲೆ ಬೋಟು ಯಾವ ಕೊಲ್ಲಿಯಲ್ಲಿದೆ ಅಂತ ಮೆಸೇಜ್ ಮಾಡಿ ಕೇಳಿ, ಆ ಕಡೆಯ ಬಸ್ ಹತ್ತಲಿ. ಬೋಟನ್ನು ಮಾತ್ರ ವಿಮಾನ ನಿಲ್ದಾಣಕ್ಕೆ ಕರೆಯದಿರಲಿ.